ಶಾಲೆ ಮೈದಾನದ ಜಾರುಬಂಡೆ: ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರಿದರೆ ಕ್ಷೇಮವೇ?

ಪ್ರಶ್ನೆ: ನಮ್ಮದು ಬಳ್ಳಾರಿ ಜಿಲ್ಲೆಯ ಸಣ್ಣ ಊರು. ಪಾರ್ಕ್ ಇಲ್ಲ. ಮನೆ ಹಿಂದಿನ ಸರ್ಕಾರಿ ಶಾಲೆಯ ಮೈದಾನಕ್ಕೆ ದಿನಾ ಸಂಜೆ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಮಗಳಿಗೆ ಐದೂವರೆ ವರ್ಷ, ಮಗನಿಗೆ ಎರಡು ವರ್ಷ ಮೂರು ತಿಂಗಳು. ಅಲ್ಲಿ ತಗಡಿನ ಜಾರುಬಂಡೆ, ಎರಡು ಜೋಕಾಲಿ, ಒಂದು ಮಂಕಿ ಬಾರ್ (ಕೈಯಿಂದ ಜೋತುಬಿದ್ದು ದಾಟುವ ಸರಳುಗಳು) ಇವೆ. ಕೆಳಗೆ ಗಟ್ಟಿ ನೆಲ. ಹೋದ ವಾರ ಮಗಳು ಜಾರುಬಂಡೆಯ ಏಣಿಯಿಂದ ಬಿದ್ದು ತುಟಿ ಒಡೆದುಕೊಂಡಳು, ಹಣೆ ಬುಗುಟೆ ಬಂತು. ತಲೆಗೆ ಪೆಟ್ಟಾದರೆ ಮಲಗಿಸಬಾರದು ಅಂದರು, ರಾತ್ರಿ ಹನ್ನೆರಡರವರೆಗೆ ಎಬ್ಬಿಸಿ ಕೂರಿಸಿದ್ದೆವು. ಟಿಟಿ ಇಂಜೆಕ್ಷನ್ನೂ ಹಾಕಿಸಿದೆವು. ಅತ್ತೆಯವರು ‘ಮಕ್ಕಳು ಬಿದ್ದೇ ಬೆಳೆಯೋದು’ ಅನ್ನುತ್ತಾರೆ. ನಮ್ಮ ಮನೆಯವರು ಇನ್ನು ಅಲ್ಲಿಗೆ ಹೋಗುವುದೇ ಬೇಡ ಅನ್ನುತ್ತಾರೆ. ಪಕ್ಕದ ಮನೆಯವರು, ಚಿಕ್ಕವನನ್ನು ತೊಡೆ ಮೇಲೆ ಕೂರಿಸಿಕೊಂಡು ನೀವೇ ಜಾರಿ, ಭಯವಿಲ್ಲ ಅನ್ನುತ್ತಾರೆ. ಮೈದಾನದಲ್ಲಿ ಬೀದಿನಾಯಿಗಳೂ ಇರುತ್ತವೆ. ಯಾರ ಮಾತು ಕೇಳಲಿ?

ಉತ್ತರ: ನಿಮಗೆ ಸಿಕ್ಕಿರುವ ಮೂರು ಸಲಹೆಗಳಲ್ಲಿ ಕೇಳಲು ತುಂಬ ಜೋಪಾನ ಅನ್ನಿಸುವುದೇ ತುಂಬ ಅಪಾಯದ್ದು. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಚಿಕ್ಕವನನ್ನು ತೊಡೆ ಮೇಲೆ ಕೂರಿಸಿಕೊಂಡು ಜಾರಬೇಡಿ.

ಎರಡು ವರ್ಷದ ಮಗು 12 ಕೆಜಿ ಆಸುಪಾಸು ಇರುತ್ತದೆ. ಅದು ಒಂದೇ ಜಾರುವಾಗ ಚಪ್ಪಲಿಯ ಅಟ್ಟೆ ಪಕ್ಕದ ಅಂಚಿಗೆ ಕಚ್ಚಿದರೆ ಅಲ್ಲಿಗೇ ನಿಂತುಬಿಡುತ್ತದೆ, ಹೆಚ್ಚೆಂದರೆ ಒಂದು ಕಡೆ ವಾಲುತ್ತದೆ. ಹಿಂದೆ 60 ಕೆಜಿಯ ದೊಡ್ಡವರು ಕೂತಿದ್ದರೆ ಕಾಲು ಅಂಚಿನಲ್ಲೇ ಉಳಿದು ಮೈ ಮಾತ್ರ ಕೆಳಗೆ ಹೋಗುತ್ತದೆ. ಇಬ್ಬರ ಭಾರವೂ ಆ ಪುಟ್ಟ ಕಾಲಿನ ಮೇಲೆ ಬಂದು, ಮೊಣಕಾಲಿನಿಂದ ಕೆಳಗಿನ ಮೂಳೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಬಿರುಕು ಬಿಡುತ್ತದೆ. ಮಗು ಎಲ್ಲಿಂದಲೂ ಬಿದ್ದಿಲ್ಲವಾದ್ದರಿಂದ ಅಪ್ಪ ಅಮ್ಮನಿಗೆ ಏನಾಯಿತೆಂದೇ ಹೊಳೆಯುವುದಿಲ್ಲ. ‘ಸುಮ್ಮನೆ ಅಳ್ತಿದಾನೆ, ಕಾಲು ಊರ್ತಿಲ್ಲ’ ಅಂತ ಮರುದಿನ ಆಸ್ಪತ್ರೆಗೆ ಕರೆತರುತ್ತಾರೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಗೆರೆ ಕಾಣುವುದೂ ಇಲ್ಲ. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಜಾರುಬಂಡೆಯಿಂದ ಕಾಲು ಮುರಿಯುವುದು ಮುಖ್ಯವಾಗಿ ಹೀಗೆಯೇ.

ಚಿಕ್ಕವನಿಗೆ ಜಾರುವ ಆಸೆಯಂತೂ ಇದ್ದೇ ಇರುತ್ತದೆ. ಜಾರುಬಂಡೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ, ನಿಮ್ಮ ಎದೆ ಎತ್ತರ ಮೀರದ ಜಾಗದಲ್ಲಿ ಕೂರಿಸಿ. ನೀವು ಪಕ್ಕದಲ್ಲಿ ನಿಂತು ಕಂಕುಳ ಕೆಳಗೆ ಕೈ ಕೊಟ್ಟು ಅವನ ಜೊತೆಗೇ ಎರಡು ಹೆಜ್ಜೆ ಬನ್ನಿ. ಎರಡೂ ಕಾಲು ಮುಂದಕ್ಕೆ ಜೋಡಿಸಿರಬೇಕು. ರಬ್ಬರ್ ಅಟ್ಟೆಯ ಚಪ್ಪಲಿ ತಗಡಿಗೆ ಕಚ್ಚುತ್ತದೆ, ಕಳಚಿ ಬದಿಗಿಡಿ. ಮೇಲಿನ ತುದಿಗೆ ಎತ್ತಿ ಕೂರಿಸಬೇಡಿ. ಇದು ಮೈದಾನದ ಎಲ್ಲ ಆಟಕ್ಕೂ ಅನ್ವಯಿಸುತ್ತದೆ: ಮಗು ತಾನಾಗಿ ಹತ್ತಲಾರದ ಜಾಗಕ್ಕೆ ನೀವು ಎತ್ತಿ ಕೂರಿಸಬಾರದು. ತಾನೇ ಹತ್ತಿದ ಮಗುವಿಗೆ ಸಾಮಾನ್ಯವಾಗಿ ಹಿಡಿತದ ಅಂದಾಜಿರುತ್ತದೆ, ಎತ್ತಿ ಕೂರಿಸಿದ ಮಗುವಿಗೆ ಅದು ಇರುವುದಿಲ್ಲ.

ಇನ್ನು ಅತ್ತೆಯವರು ಮತ್ತು ನಿಮ್ಮ ಮನೆಯವರ ಮಾತು. ಇಬ್ಬರದೂ ಅರ್ಧರ್ಧ ಸರಿ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಬೆವರು ಬರುವಂಥ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಯಲ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ದೃಷ್ಟಿದೋಷ ಬರುವುದೂ ಕಡಿಮೆ. ಪಾರ್ಕ್ ಇಲ್ಲದ ಊರಲ್ಲಿ ಶಾಲೆ ಮೈದಾನ ಬಿಟ್ಟರೆ ಉಳಿಯುವುದು ಮೊಬೈಲು. ಆದ್ದರಿಂದ ಹೋಗುವುದನ್ನು ನಿಲ್ಲಿಸಬೇಡಿ. ಮಕ್ಕಳು ಬೀಳುವುದೂ ನಿಜ, ಅತ್ತೆಯವರು ಹೇಳಿದ್ದು ಸರಿ. ಆದರೆ ಅವರು ಚಿಕ್ಕವರಿದ್ದಾಗ ಬಿದ್ದದ್ದು ಕೆರೆಯಂಗಳದ ಮರಳಿಗೋ ಉತ್ತ ಹೊಲಕ್ಕೋ ಇದ್ದೀತು. ಆರಡಿ ಎತ್ತರದ ಕಬ್ಬಿಣದ ಏಣಿಯಿಂದ ಬಿಸಿಲಿಗೆ ಬಿರಿದ ನೆಲಕ್ಕೆ ಬೀಳುವುದು ಬೇರೆಯೇ ಮಾತು.

ಮಗುವಿಗೆ ಎತ್ತರ ಕಣ್ಣಿಗೆ ಕಾಣುತ್ತದೆ. ಹೆದರುತ್ತದೆ, ನಿಧಾನಿಸುತ್ತದೆ, ಕಲಿಯುತ್ತದೆ. ಆ ಸಾಹಸವನ್ನು ಕಿತ್ತುಕೊಳ್ಳಬೇಕಿಲ್ಲ. ಮಗುವಿಗೆ ಕಾಣದಿರುವುದು ಕಾದ ತಗಡು, ಬಾಯ್ಬಿಟ್ಟ ಕೊಕ್ಕೆ, ಕೊರಳ ದಾರ, ಕೆಳಗಿನ ನೆಲದ ಗಡಸು. ದೊಡ್ಡವರು ಕಣ್ಣಿಡಬೇಕಾದದ್ದು ಇವುಗಳ ಮೇಲೆ.

ನೆಲದಿಂದ ಶುರು ಮಾಡೋಣ. ಆಟದ ಸಾಮಾನಿನ ಕೆಳಗೆ ಸಿಮೆಂಟು, ಡಾಂಬರು ಇರಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಮಣ್ಣಿನ ನೆಲ, ಹುಲ್ಲು ಕೂಡ ಮೆತ್ತೆಯ ಲೆಕ್ಕಕ್ಕೆ ಬರುವುದಿಲ್ಲ. ತುಳಿದು ತುಳಿದು, ಒಣಗಿ, ಮಾರ್ಚ್ ಹೊತ್ತಿಗೆ ಅದು ಸಿಮೆಂಟಿನಷ್ಟೇ ಗಟ್ಟಿಯಾಗಿರುತ್ತದೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿ ಪ್ರಕಾರ 9 ಅಂಗುಲ ದಪ್ಪದ ಸಡಿಲ ಮರಳು 4 ಅಡಿ ಎತ್ತರದಿಂದ ಬೀಳುವ ಮಗುವಿನ ತಲೆಯನ್ನು ಕಾಯುತ್ತದೆ. ನಿಮ್ಮಲ್ಲಿರುವುದು ಸೊನ್ನೆ ಅಂಗುಲ. ತಲೆಗೆ ಪೆಟ್ಟಾದ ಮಗು ಬಂದಾಗ ವೈದ್ಯರು ಮೊದಲು ಕೇಳುವುದೇ ಎಷ್ಟು ಎತ್ತರದಿಂದ ಬಿತ್ತು ಎಂದು. ಎರಡು ವರ್ಷದೊಳಗಿನ ಮಗು 3 ಅಡಿಗಿಂತ, ಎರಡು ದಾಟಿದ ಮಗು 5 ಅಡಿಗಿಂತ ಮೇಲಿಂದ ಬಿದ್ದಿದ್ದರೆ ನಾವು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಗಳು ಏಣಿ ಹತ್ತುವಾಗ ನೀವು ಕೆಳಗೆ ಕೂತು ನೋಡುವುದಲ್ಲ, ಏಣಿಯ ಹಿಂದೆ ಕೈ ಎಟಕುವಂತೆ ನಿಂತಿರಬೇಕು. ಮಕ್ಕಳು ಜಾರುವಾಗ ಬೀಳುವುದಕ್ಕಿಂತ ಏಣಿಯ ಮೇಲಿನ ಮೆಟ್ಟಿಲಲ್ಲಿ, ಕೂರಲು ತಿರುಗುವಾಗ, ಹಿಂದಿನವರು ತಳ್ಳಿದಾಗ ಬೀಳುವುದು ಹೆಚ್ಚು.

ಮಂಕಿ ಬಾರ್ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿ ಹೇಳಬೇಕು. ಐದರಿಂದ ಏಳು ವರ್ಷದ ಮಕ್ಕಳ ಮೊಣಕೈ ಮುರಿತಕ್ಕೆ ಅದರಷ್ಟು ಹೆಸರಾದ ಆಟ ಬೇರೆ ಇಲ್ಲ. ಕೈ ಜಾರಿದ ಮಗು ಅಂಗೈ ಊರಿ ಬೀಳುತ್ತದೆ. ಆ ವಯಸ್ಸಿನಲ್ಲಿ ಮೊಣಕೈಯ ಸ್ವಲ್ಪ ಮೇಲೆ ತೋಳಿನ ಮೂಳೆ ತೆಳ್ಳಗೆ ಚಪ್ಪಟೆಯಾಗಿರುತ್ತದೆ, ಅಲ್ಲೇ ಮುರಿಯುತ್ತದೆ. ಮೂಳೆ ಮುರಿದದ್ದಕ್ಕಿಂತ ದೊಡ್ಡ ತೊಂದರೆಯೆಂದರೆ ಕೈಗೆ ರಕ್ತ ಒಯ್ಯುವ ದೊಡ್ಡ ನಾಳವೂ ನರಗಳೂ ಅದಕ್ಕೆ ಅಂಟಿಕೊಂಡ ಹಾಗೆ ಹಾದುಹೋಗುತ್ತವೆ. ಇಲ್ಲೇ ನಮ್ಮ ಕಡೆಯ ಒಂದು ಅಭ್ಯಾಸ ಮಕ್ಕಳ ಕೈ ಕಳೆಯುತ್ತದೆ: ಉಳುಕಿದೆ ಅಂತ ಎಣ್ಣೆ ಹಚ್ಚಿ ನೀವುವುದು, ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ನಾಟಿ ಕಟ್ಟು ಹಾಕಿಸುವುದು. ಊದುತ್ತಿರುವ ಕೈಗೆ ಬಿಗಿ ಕಟ್ಟು ಬಿದ್ದರೆ ಒಳಗಿನ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತು, ಮುಂದೆ ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ. ಮೂಳೆ ಕೂಡಿರುತ್ತದೆ, ಕೈ ಕೆಲಸಕ್ಕೆ ಬರುವುದಿಲ್ಲ.

ಬಿದ್ದ ಮೇಲೆ ಮೊಣಕೈ ಊದಿ ಮಗು ಕೈ ಅಲ್ಲಾಡಿಸಲು ಬಿಡದಿದ್ದರೆ, ಕೈ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ದುಪಟ್ಟಾದಿಂದ ಸಡಿಲವಾಗಿ ಕೊರಳಿಗೆ ತೂಗುಹಾಕಿ. ನೆಟ್ಟಗೆ ಮಾಡಲು ಹೋಗಬೇಡಿ. ಊಟ, ಹಾಲು ಏನೂ ಕೊಡಬೇಡಿ, ಅದೇ ರಾತ್ರಿ ಅರಿವಳಿಕೆ ಕೊಟ್ಟು ಮೂಳೆ ಕೂರಿಸಬೇಕಾಗಬಹುದು. ಬೆರಳು ತಣ್ಣಗಾಗಿದ್ದರೆ, ಬಿಳುಚಿದ್ದರೆ, ಜೋಮು ಹಿಡಿದಿದ್ದರೆ ಅಥವಾ ಬೆರಳನ್ನು ನೆಟ್ಟಗೆ ಮಾಡಿದರೆ ಚೀರುವಷ್ಟು ನೋವಿದ್ದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಬಳ್ಳಾರಿ ಬಿಸಿಲಿಗೆ ತಗಡಿನ ಜಾರುಬಂಡೆ ಕಾವಲಿಯಾಗಿರುತ್ತದೆ. 60 ಡಿಗ್ರಿ ಬಿಸಿ ನೀರು ದೊಡ್ಡವರ ಚರ್ಮವನ್ನು ಸುಡಲು 5 ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಬೇಗ ಸುಡುತ್ತದೆ. ಅದೂ ಅಲ್ಲದೆ ದೊಡ್ಡವರು ಥಟ್ಟನೆ ಕೈ ತೆಗೆಯುತ್ತೇವೆ, ಎರಡು ವರ್ಷದ ಮಗು ಕಾದ ತಗಡಿನ ಮೇಲೆ ಕೂತೇ ಅಳುತ್ತದೆ. ನಿಮ್ಮ ಅಂಗೈ ಒಲೆ ಮುಂದೆ ಪಳಗಿದ್ದು, ಅದನ್ನು ನಂಬಬೇಡಿ. ಮುಂಗೈ ಹಿಂಭಾಗ ಊರಿ ಹತ್ತು ಎಣಿಸಿ. ಹತ್ತರೊಳಗೆ ತೆಗೆಯಬೇಕು ಅನ್ನಿಸಿದರೆ ಆವತ್ತು ಜಾರುಬಂಡೆ ಬೇಡ. ಜೋಕಾಲಿಯ ಕಬ್ಬಿಣದ ಹಲಗೆಗೂ ಇದೇ ಪರೀಕ್ಷೆ. ಸುಟ್ಟರೆ ಶಾಲೆಯ ನಲ್ಲಿ ಕೆಳಗೆ 20 ನಿಮಿಷ ಹರಿಯುವ ನೀರು ಬಿಡಿ. ಟೂತ್‌ಪೇಸ್ಟು, ಇಂಕು, ಅರಿಶಿನ, ಐಸು ಯಾವುದೂ ಬೇಡ.

ಕೊರಳು. ಇದನ್ನು ಓದಿದ ಕೂಡಲೇ ಮಾಡಬೇಕಾದ ಕೆಲಸ ಇದೊಂದೇ. ಮಕ್ಕಳ ಕೊರಳಲ್ಲಿ ತಾಯತವೋ ದೃಷ್ಟಿಯ ಕರಿದಾರವೋ ಇದ್ದರೆ ಮೈದಾನಕ್ಕೆ ಹೋಗುವಾಗ ಕಳಚಿಡಿ. ನೂಲಿನ ದಾರ ನೋಡಲು ಸಪೂರ, ಆದರೆ ಮಗುವಿನ ಭಾರಕ್ಕೆ ಹರಿಯುವುದಿಲ್ಲ. ಜಾರುಬಂಡೆಯ ಮೇಲ್ತುದಿಯಲ್ಲಿ ಹೊರಚಾಚಿದ ಬೋಲ್ಟಿಗೆ ಅದು ಸಿಕ್ಕಿಕೊಂಡು ಮಗು ಕೆಳಗೆ ಜಾರಿದರೆ ಕೂಗಲೂ ಆಗುವುದಿಲ್ಲ. ಟೋಪಿಯ ಲಾಡಿ, ಕೊರಳಿಗೆ ಹಾಕಿದ ನೀರಿನ ಬಾಟಲಿಯ ಪಟ್ಟಿ, ದೊಡ್ಡ ಹುಡುಗಿಯರ ದುಪಟ್ಟಾ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ. ನಂಬಿಕೆಯ ಪ್ರಶ್ನೆ ಬಂದರೆ ದಾರವನ್ನು ಸೊಂಟಕ್ಕೆ ಕಟ್ಟಿ, ಉಡಿದಾರ ಇದ್ದೇ ಇದೆಯಲ್ಲ. ಇದೇ ಜಾತಿಯ ಇನ್ನೊಂದು ಅಪಾಯ ಸರಳುಗಳ ನಡುವಿನ ಸಂದು. ಟೇಪು ಹಿಡಿದರೆ ಮೂರೂವರೆ ಅಂಗುಲಕ್ಕಿಂತ ದೊಡ್ಡದು, 9 ಅಂಗುಲಕ್ಕಿಂತ ಚಿಕ್ಕದು ಇರುವ ಸಂದಿನಲ್ಲಿ ಚಿಕ್ಕ ಮಗು ಕಾಲು ಮೊದಲಾಗಿ ತೂರಿದರೆ ಮೈಯೆಲ್ಲ ಇಳಿದು ತಲೆ ಮಾತ್ರ ಮೇಲೆ ಸಿಕ್ಕಿಬೀಳುತ್ತದೆ. ಜಾರುಬಂಡೆಯ ಮೇಲಿನ ಅಟ್ಟಣಿಗೆಯ ಪಕ್ಕದ ಕಟಕಟೆ ಸರಳು ಕಿತ್ತುಹೋಗಿದೆಯೇ ನೋಡಿ.

ಜೋಕಾಲಿಯ ಸರಪಳಿ ಮೇಲೆ ಸೇರುವ ಕಡೆ ‘ಎಸ್’ ಆಕಾರದ ಕೊಕ್ಕೆ ಇರುತ್ತದೆ. ಅದರ ಬಾಯಲ್ಲಿ ನಾಣ್ಯದ ಅಂಚು ತೂರುವಷ್ಟು ಜಾಗವಿದ್ದರೆ ಆ ಜೋಕಾಲಿ ಬೇಡ, ಬಟ್ಟೆಯೂ ಸಿಕ್ಕುತ್ತದೆ, ಒಂದು ದಿನ ಸರಪಳಿಯೂ ಕಳಚುತ್ತದೆ. ಜೋಕಾಲಿಯಿಂದ ಕೆಟ್ಟ ಪೆಟ್ಟು ಬೀಳುವುದು ತೂಗುವವರಿಗೆ ಮಾತ್ರವಲ್ಲ, ಎದುರು ಹಾದವರಿಗೂ. ತೂಗುಗಂಬ 8 ಅಡಿ ಎತ್ತರವಿದ್ದರೆ ಮುಂದೆ 16 ಅಡಿ, ಹಿಂದೆ 16 ಅಡಿ ಯಾರೂ ಓಡಾಡಬಾರದು. ಮಗಳನ್ನು ತೂಗಿಬಿಟ್ಟು ನೀವು ನಿಂತಾಗ ಚಿಕ್ಕವನು ಅಕ್ಕನ ಹತ್ತಿರ ಓಡುವುದು ನೇರ ಆ ಹಾದಿಯಲ್ಲೇ. ಇಬ್ಬರು ಮಕ್ಕಳಿಗೆ ದೊಡ್ಡವರು ಒಬ್ಬರೇ ಇರುವಾಗ ಇಬ್ಬರನ್ನೂ ಒಂದೇ ಸಾಮಾನಿನ ಹತ್ತಿರ ಇಟ್ಟುಕೊಳ್ಳಿ: ಚಿಕ್ಕವನು ಕೈಯಳತೆಯಲ್ಲಿ, ದೊಡ್ಡವಳು ಕಣ್ಣಳತೆಯಲ್ಲಿ.

ಆಟದ ಸಾಮಾನಿನ ಆಚೆಗೂ ಒಮ್ಮೆ ಸುತ್ತು ಹಾಕಿ. ಶಾಲೆಯ ಸಂಪಿನ ಮುಚ್ಚಳಕ್ಕೆ ಬೀಗ ಇದೆಯೇ, ಶೌಚಾಲಯದ ಹಿಂದಿನ ಗುಂಡಿಯ ಚಪ್ಪಡಿ ಅಲುಗಾಡುತ್ತದೆಯೇ, ಕರೆಂಟ್ ಕಂಬದ ಬಿಗಿತಂತಿ ಮೈದಾನದೊಳಗೆ ಇಳಿದಿದೆಯೇ. ಮಳೆಗಾಲದಲ್ಲಿ ಆ ತಂತಿಯ ಹತ್ತಿರವೂ ಬಿಡಬೇಡಿ. ನೆಲಕ್ಕೆ ಹೂಳದೆ ಸುಮ್ಮನೆ ನಿಲ್ಲಿಸಿದ ಫುಟ್‌ಬಾಲ್ ಗೋಲ್ ಕಂಬಕ್ಕೆ ಮಕ್ಕಳು ಜೋತುಬಿದ್ದರೆ ಅದು ಮುಂದಕ್ಕೆ ಮಗುಚಿ ಅವರ ಮೇಲೇ ಬೀಳುತ್ತದೆ. ದೊಡ್ಡ ಹುಡುಗರು ಕ್ರಿಕೆಟ್ ಆಡುತ್ತಿದ್ದರೆ ಬ್ಯಾಟಿನ ಎದುರು ದಿಕ್ಕು ಬಿಟ್ಟು ಕೂರಿ. ಜಗಳವಾಡಿ ಗೆಲ್ಲುವುದಕ್ಕಿಂತ ಅವರು ಬರುವ ಮೊದಲೇ ಆಡಿ ಮುಗಿಸುವುದು ಸುಲಭ.

ಈಗ ಹೋದ ವಾರದ ಪೆಟ್ಟಿನ ವಿಚಾರ. ಹಣೆಯ ಬುಗುಟೆ ನೋಡಲು ಗಾಬರಿ, ಆದರೆ ತಲೆಯಲ್ಲಿ ಹಣೆಯ ಮೂಳೆ ಗಟ್ಟಿ. ಕಿವಿಯ ಮೇಲೆ ಅಥವಾ ಹಿಂದಲೆಯಲ್ಲಿ ಮೆತ್ತಗೆ ನೀರು ತುಂಬಿದ ಹಾಗೆ ಊದಿದರೆ, ಅದೂ ಚಿಕ್ಕ ಮಗುವಿಗೆ, ಆಗ ಹೆಚ್ಚು ಹುಷಾರಾಗಬೇಕು. ಮಲಗಲು ಬಿಡಬಾರದು ಅನ್ನುವುದು ಸರಿಯಲ್ಲ. ನಿದ್ದೆಯಿಂದ ಪೆಟ್ಟು ಕೆಡುವುದಿಲ್ಲ, ಕೆಡುತ್ತಿರುವುದು ನಿದ್ದೆಯಲ್ಲಿ ಗೊತ್ತಾಗದೆ ಹೋಗಬಹುದು ಅನ್ನುವುದಷ್ಟೇ ಆ ಮಾತಿನ ಮೂಲ. ಮಲಗಿಸಿ, ಮೊದಲ ರಾತ್ರಿ ಎರಡು ಮೂರು ಸಲ ಎಬ್ಬಿಸಿ ನಿಮ್ಮ ಗುರುತು ಹಿಡಿಯುತ್ತಾಳೆಯೇ, ಒಂದು ಮಾತಾಡುತ್ತಾಳೆಯೇ ನೋಡಿ. ಬಿದ್ದ ಕೂಡಲೇ ಕ್ಷಣಕಾಲವಾದರೂ ಎಚ್ಚರ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ತಡವರಿಸುವ ನಡಿಗೆ, ಹೆಚ್ಚುತ್ತಾ ಹೋಗುವ ತಲೆನೋವು, ಮೂಗು ಕಿವಿಯಿಂದ ನೀರೋ ರಕ್ತವೋ ಸುರಿಯುವುದು. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಕೆಜಿಗೆ 15 ಮಿ.ಗ್ರಾಂ ಲೆಕ್ಕ. 18 ಕೆಜಿ ಮಗುವಿಗೆ ಸುಮಾರು 250 ಮಿ.ಗ್ರಾಂ. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ಪೂ ಬರುತ್ತದೆ, 250 ಇರುವುದೂ ಬರುತ್ತದೆ. ಬಾಟಲಿ ಮೇಲಿನ ಅಂಕಿ ಓದಿಯೇ ಅಳೆಯಿರಿ.

ತುಟಿ ಒಡೆದರೆ ಶುದ್ಧ ಬಟ್ಟೆಯಿಂದ ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ನಡುವೆ ತೆಗೆದು ತೆಗೆದು ನೋಡಿದರೆ ರಕ್ತ ನಿಲ್ಲುವುದಿಲ್ಲ. ಒಳತುಟಿಯ ಸಣ್ಣ ಗಾಯ ತಾನೇ ಕೂಡುತ್ತದೆ. ತುಟಿಯ ಕೆಂಪು ಮತ್ತು ಚರ್ಮ ಸೇರುವ ಗೆರೆಯನ್ನು ಗಾಯ ದಾಟಿದ್ದರೆ ಹೊಲಿಗೆ ಹಾಕಿಸಿ, ಇಲ್ಲವಾದರೆ ಕಲೆ ಸೊಟ್ಟಗೆ ಉಳಿಯುತ್ತದೆ. ಹಾಲುಹಲ್ಲು ಉದುರಿದರೆ ವಾಪಸ್ ಕೂರಿಸುವಂತಿಲ್ಲ. ಆದರೆ ನಿಮ್ಮ ಮಗಳಿಗೆ ಆರರ ಹೊತ್ತಿಗೆ ಮುಂದಿನ ಶಾಶ್ವತ ಹಲ್ಲು ಬರಲು ಶುರು. ಅದು ಬುಡಸಮೇತ ಬಂದರೆ ಬೇರು ಮುಟ್ಟದೆ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಹತ್ತಿರ ಓಡಿ.

ಟಿಟಿ ಇಂಜೆಕ್ಷನ್ ಬೇಕಿರಲಿಲ್ಲ. ಒಂದೂವರೆ ಎರಡು ವರ್ಷದಲ್ಲಿ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್ ಆಗಿದ್ದರೆ ಮಣ್ಣಾದ ಗಾಯಕ್ಕೂ ಐದು ವರ್ಷ ಅದರ ರಕ್ಷಣೆ ಇರುತ್ತದೆ. ನಿಮ್ಮ ಮಗಳು ಇನ್ನೂ ಆ ಅವಧಿಯೊಳಗೇ ಇದ್ದಾಳೆ. ಹಾಕಿಸಿದ್ದರಿಂದ ನಷ್ಟವಿಲ್ಲ. ಆದರೆ ತಾಯಿ ಕಾರ್ಡ್ ತೆಗೆದು ನೋಡಿ: 5ರಿಂದ 6 ವರ್ಷದ ನಡುವೆ ಇನ್ನೊಂದು ಡಿಪಿಟಿ ಬೂಸ್ಟರ್ ಇದೆ. ‘ಮೊನ್ನೆ ಟಿಟಿ ಆಯ್ತಲ್ಲ’ ಅಂತ ಅದನ್ನು ಬಿಟ್ಟುಬಿಡಬೇಡಿ. ನಾಯಿಕೆಮ್ಮಿಗೆ ರಕ್ಷಣೆ ಇರುವುದು ಡಿಪಿಟಿಯಲ್ಲಿ, ಟಿಟಿಯಲ್ಲಲ್ಲ. ಮುಂದಿನ ಡೋಸ್ ಯಾವಾಗ ಹಾಕಿಸಬೇಕು ಎಂದು ಆರೋಗ್ಯ ಕೇಂದ್ರದವರಿಗೆ ಮೊನ್ನೆಯ ಚೀಟಿ ತೋರಿಸಿಯೇ ಕೇಳಿ.

ನಾಯಿಗಳಿದ್ದರೆ ಮಕ್ಕಳ ಕೈಯಲ್ಲಿ ಬಿಸ್ಕತ್ತು, ಬನ್ನು ಇರಬಾರದು. ಹಾವಳಿ ಶುರುವಾಗುವುದೇ ಅಲ್ಲಿಂದ. ಮರಿ ಹಾಕಿದ ನಾಯಿ ಆವರಣದಲ್ಲಿದ್ದರೆ ಆ ಮೂಲೆ ಪೂರ್ತಿ ಬಿಡಿ. ಕಚ್ಚಿದರೆ, ಉಗುರು ಪರಚಿದರೆ, ತರಚಿದ ಜಾಗವನ್ನು ನೆಕ್ಕಿದರೂ ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ. ಸುಣ್ಣ, ಖಾರದಪುಡಿ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಹಾಕುವ ರೇಬೀಸ್ ಲಸಿಕೆ 0, 3, 7 ಮತ್ತು 28ನೇ ದಿನ ಇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಅದನ್ನು ನೀವೇ ಕೇಳಿ ಹಾಕಿಸಿಕೊಳ್ಳಿ. ಬರಿಗಾಲಲ್ಲಿ ಆಡಿದರೆ ಕೊಕ್ಕೆಹುಳು ಅಂಗಾಲಿನಿಂದಲೇ ಒಳಸೇರುತ್ತದೆ. ಜಾರುವಾಗ ಕಳಚಿದ ಚಪ್ಪಲಿ ಇಳಿದ ಕೂಡಲೇ ಮತ್ತೆ ಕಾಲಿಗೆ ಬರಲಿ.

ಇನ್ನುಳಿದದ್ದು ನೆಲ ಸರಿಮಾಡಿಸುವ ದಾರಿ. ಮುಖ್ಯ ಶಿಕ್ಷಕರನ್ನು ದೂರುವ ಧಾಟಿಯಲ್ಲಿ ಹೋದರೆ ಅವರು ಮಾಡುವ ಸುಲಭದ ಕೆಲಸವೆಂದರೆ ಸಂಜೆ ಗೇಟಿಗೆ ಬೀಗ ಹಾಕುವುದು. ಆದ್ದರಿಂದ ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಮೂಲಕ, ಲೆಕ್ಕ ಬರೆದುಕೊಂಡೇ ಹೋಗಿ. ಆರಡಿ ಜಾರುಬಂಡೆ ಏಣಿ ಸೇರಿ 14 ಅಡಿ ಉದ್ದವಿದ್ದರೆ, ಸುತ್ತ ಆರಾರು ಅಡಿ ಬಿಟ್ಟು 26 ಅಡಿ ಉದ್ದ, 14 ಅಡಿ ಅಗಲದ ಮರಳುಹಾಸು ಬೇಕು. ಸಡಿಲ ಮರಳು ತುಳಿದು ಅಮರುವುದರಿಂದ 9 ಅಂಗುಲ ಉಳಿಯಲು 12 ಅಂಗುಲ ತುಂಬಬೇಕು. ಒಟ್ಟು 364 ಘನ ಅಡಿ, ಟ್ರ್ಯಾಕ್ಟರಿಗೆ 100 ಘನ ಅಡಿಯಂತೆ ಮೂರೂವರೆ ಲೋಡಿಗಿಂತ ಸ್ವಲ್ಪ ಹೆಚ್ಚು. ಅಷ್ಟು ದುಡ್ಡು ಹೊಂದದಿದ್ದರೆ ಏಣಿಯ ಸುತ್ತ ಮಾತ್ರ 14 ಅಡಿಗೆ 10 ಅಡಿ ತುಂಬಿಸಿ, ಒಂದೂವರೆ ಲೋಡಿನಲ್ಲಿ ಆಗುತ್ತದೆ. ಎಂ-ಸ್ಯಾಂಡ್ ಬೇಡ, ಅದರಲ್ಲಿರುವ ಕಲ್ಲಿನ ಪುಡಿ ಒಂದು ಮಳೆಗೆ ಕಚ್ಚಿ ಗಟ್ಟಿಯಾಗುತ್ತದೆ. ತೊಳೆದ ದುಂಡು ಕಾಳಿನ ಮರಳು ಬೇಕು, ಸುತ್ತ ಮರಳು ಹರಡದಂತೆ ಹಳೆ ಟೈರು ಅರ್ಧ ಹೂತರೆ ಸಾಕು. ವಾರಕ್ಕೊಮ್ಮೆ ಸಲಿಕೆಯಿಂದ ಮಗುಚಿ ಸಡಿಲ ಮಾಡದಿದ್ದರೆ, ನಾಯಿ ಬೆಕ್ಕಿನ ಹೊಲಸು ಎತ್ತದಿದ್ದರೆ ಹಾಕಿಸಿದ್ದು ವ್ಯರ್ಥ.

ಮರಳು ಬಂದರೂ ಅದು ಕಾಯುವುದು 4 ಅಡಿಯ ಬೀಳುವಿಕೆಯನ್ನು, ಆರಡಿಯದನ್ನಲ್ಲ. ಏಣಿ ಹಿಂದೆ ನೀವು ನಿಲ್ಲುವುದು ತಪ್ಪುವುದಿಲ್ಲ. ಮಂಕಿ ಬಾರ್ ಕೆಳಗೆ ಮರಳು ಬೀಳುವವರೆಗೂ ಮಗಳು ಅದಕ್ಕೆ ಜೋತುಬೀಳುವುದಾದರೆ ನೀವು ಸೊಂಟ ಹಿಡಿದಿರಬೇಕು, ಚಿಕ್ಕವನು ಆಗ ಮನೆಯಲ್ಲಿ ಅಜ್ಜಿಯ ಹತ್ತಿರ ಇರಲಿ.